ಭಾರತದ ಮಹಿಳೆಯರಿಗೆ ಮತದಾನದ ಹಕ್ಕು ಹೋರಾಟವಿಲ್ಲದೆ ದೊರೆಯಿತೇ?

ಪ್ರಶ್ನೆ:
ಬ್ರಿಟನ್ನಿನಲ್ಲಿ ಮಹಿಳೆಯರು ಮತದ ಹಕ್ಕಿಗಾಗಿ ಸೆರೆಮನೆಗೆ ಹೋದರು, ಉಪವಾಸ ಬಿದ್ದರು. ನಮ್ಮಲ್ಲಾದರೋ 1950ರ ಸಂವಿಧಾನವು ಯಾರೂ ಕೇಳದೆಯೇ ಅದನ್ನು ಕೊಟ್ಟುಬಿಟ್ಟಿತು ಎಂಬ ಮಾತು ಭಾಷಣಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ. ಇದು ಎಷ್ಟರಮಟ್ಟಿಗೆ ನಿಜ? ಕನ್ನಡನಾಡಿನ ಸ್ಥಿತಿ ಆಗ ಹೇಗಿತ್ತು?

ಉತ್ತರ 1:
ಕೇಳದೆಯೇ ಸಿಕ್ಕಿತೆನ್ನುವುದು ಸುಳ್ಳು. 1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳತನದ ನಿಯೋಗವು ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗು ಅವರನ್ನು ಕಂಡು, ಗಂಡಸರಿಗೆ ಯಾವ ಅರ್ಹತೆಯ ಮೇಲೆ ಮತ ಕೊಡುತ್ತೀರೋ ಅದೇ ಅರ್ಹತೆಯ ಮೇಲೆ ಹೆಂಗಸರಿಗೂ ಕೊಡಬೇಕೆಂದು ಮನವಿ ಸಲ್ಲಿಸಿತ್ತು. ಮತದ ಹಕ್ಕು ಯಾರಿಗಿರಬೇಕೆಂದು ಪರಿಶೀಲಿಸಲು ಬ್ರಿಟಿಷ್ ಸರ್ಕಾರ ನೇಮಿಸಿದ್ದ ಸೌತ್‌ಬರೋ ಸಮಿತಿಯು, ಇಲ್ಲಿನ ಸಮಾಜ ಅದಕ್ಕಿನ್ನೂ ಸಿದ್ಧವಾಗಿಲ್ಲವೆಂದು ಈ ಬೇಡಿಕೆಯನ್ನು ತಳ್ಳಿಹಾಕಿತು. 1919ರಲ್ಲಿ ಮಹಿಳಾ ಮತಾಧಿಕಾರದ ಹೋರಾಟಗಾರ್ತಿ ಹೀರಾಬಾಯಿ ಟಾಟಾ ಮತ್ತು ಅವರ ಮಗಳು ಮಿಠನ್ ಲಂಡನ್ನಿಗೇ ಹೋಗಿ ಸಂಸತ್ತಿನ ಸಮಿತಿಯ ಮುಂದೆ ವಾದಿಸಿದರೂ, ಆ ವರ್ಷದ ಭಾರತ ಸರ್ಕಾರ ಕಾಯ್ದೆಯು ತೀರ್ಮಾನವನ್ನು ಪ್ರಾಂತ್ಯಗಳ ಶಾಸನಸಭೆಗಳಿಗೆ ಬಿಟ್ಟು ಕೈತೊಳೆದುಕೊಂಡಿತು. ಹೀಗಾಗಿ ಪ್ರತಿ ಪ್ರಾಂತ್ಯದಲ್ಲೂ ಅದೇ ಜಗಳವನ್ನು ಮೊದಲಿನಿಂದ ಆಡಬೇಕಾಯಿತು. ಮದರಾಸು, ಮುಂಬಯಿಗಳು 1921ರಲ್ಲಿ ಒಪ್ಪಿದವು. ಸುಧಾರಣೆಯ ತವರೆನಿಸಿದ ಬಂಗಾಳ ಅದೇ ವರ್ಷ ತಿರಸ್ಕರಿಸಿ, 1925ರವರೆಗೆ ಕಾಯಿಸಿತು.

ಉತ್ತರ 2:
ಮಂಗಳೂರು ಮದರಾಸಿಗೂ ಧಾರವಾಡ, ಬೆಳಗಾವಿಗಳು ಮುಂಬಯಿಗೂ ಸೇರಿದ್ದುದರಿಂದ ಅಲ್ಲಿನ ಮಹಿಳೆಯರಿಗೆ 1921ರಲ್ಲೇ ದಾರಿ ತೆರೆಯಿತು. ಆದರೆ ಮತ ಇದ್ದದ್ದು ಆಸ್ತಿ, ತೆರಿಗೆಗಳ ಲೆಕ್ಕದ ಮೇಲೆ. ಹೊಲಮನೆಯೆಲ್ಲ ಗಂಡನ ಹೆಸರಿನಲ್ಲೇ ಇದ್ದ ಕಾಲದಲ್ಲಿ ಎಷ್ಟು ಹೆಂಗಸರು ಮತಗಟ್ಟೆ ಮುಟ್ಟಿಯಾರು? ಮಹಿಳೆಯರು ಸ್ಪರ್ಧಿಸಬಹುದೆಂದಾದಾಗ, 1926ರಲ್ಲಿ, ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ ಮದರಾಸು ಶಾಸನಸಭೆಗೆ ನಿಂತು ಅಲ್ಪ ಅಂತರದಲ್ಲಿ ಸೋತರು. ನನ್ನ ಮಟ್ಟಿಗೆ ಆ ಸೋಲಿಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಪುಟ ಸಲ್ಲಬೇಕು.

ಉತ್ತರ 3:
ಭಾಷಣಕಾರರ ಮಾತಿನಲ್ಲಿ ಅರ್ಧ ಸತ್ಯವಿದೆ. 1931ರ ಕರಾಚಿ ಅಧಿವೇಶನದಲ್ಲಿ ಕಾಂಗ್ರೆಸ್ಸು ವಯಸ್ಕ ಮತಾಧಿಕಾರವನ್ನು ಒಪ್ಪಿಕೊಂಡಿದ್ದರಿಂದ, ಸಂವಿಧಾನ ಬರೆಯುವ ಹೊತ್ತಿಗೆ ತತ್ತ್ವದ ಜಗಳ ಬಹುಮಟ್ಟಿಗೆ ಮುಗಿದಿತ್ತು. ತೊಡಕು ಉಳಿದದ್ದು ಮತದಾರರ ಪಟ್ಟಿಯಲ್ಲಿ. ಮೊದಲ ಮಹಾಚುನಾವಣೆಗೆ ಹೆಸರು ಬರೆಸಿಕೊಳ್ಳುವಾಗ ಅನೇಕ ಮಹಿಳೆಯರು, ವಿಶೇಷವಾಗಿ ಬಿಹಾರ, ಉತ್ತರ ಪ್ರದೇಶ, ರಾಜಸ್ಥಾನಗಳಲ್ಲಿ, ತಮ್ಮ ಹೆಸರು ಹೇಳಲೊಪ್ಪದೆ ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದಷ್ಟೇ ಬರೆಸಿದರು. ಸ್ವಂತ ಹೆಸರಿಲ್ಲದ ನಮೂದನ್ನು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ ಸೇನ್ ಒಪ್ಪಲಿಲ್ಲ. ಸುಮಾರು 28 ಲಕ್ಷ ಮಹಿಳೆಯರು ಪಟ್ಟಿಯಿಂದ ಹೊರಗುಳಿದರು. ಸೇನ್ ಅವರ ನಿಲುವು ಕಠಿಣವೆನಿಸಿದರೂ, ಮುಂದಿನ ಚುನಾವಣೆಯ ಹೊತ್ತಿಗೆ ಬಹುಪಾಲು ಮಹಿಳೆಯರು ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡಿದ್ದರು.