ಪದ ಬೇಕಿದೆ: ‘ಹೀಟ್ ಇನ್ ಪ್ಲೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಸರಸ್ವತಿಪುರಂ, ಮೈಸೂರು:

ಎಲ್ಲರಿಗೂ ನಮಸ್ಕಾರ. ವಿಜ್ಞಾನ ಪ್ರದರ್ಶನದ ಒಂದು ಫಲಕ ಶನಿವಾರ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಪ್ಯಾರಿಸ್ ಸುತ್ತಮುತ್ತ ನೆಲದಡಿ ಒಂದೂವರೆಯಿಂದ ಎರಡು ಕಿಲೋಮೀಟರ್ ಆಳದಲ್ಲಿ ಡಾಗರ್ ಎಂಬ ಸುಣ್ಣಗಲ್ಲಿನ ಪದರವಿದೆ. ಅದರ ಬಿಸಿಯನ್ನು ಮೇಲೆತ್ತಿ 1969ರಿಂದ ಮನೆಗಳನ್ನು ಬೆಚ್ಚಗಿಡುತ್ತಿದ್ದಾರೆ. ಇಂಥ ಪದರದಲ್ಲಿ ಎಷ್ಟು ಶಾಖವಿದೆ ಎಂದು ಅಂದಾಜು ಮಾಡುವ ಬಗೆಯೇ ಫಲಕದ ವಿಷಯ. ತೊಡಕಿರುವುದು ಮೂರು ಮಾತುಗಳಲ್ಲಿ: ಹೀಟ್ ಇನ್ ಪ್ಲೇಸ್ (ಪದರದಲ್ಲಿರುವ ಒಟ್ಟು ಶಾಖ), ರಿಕವರಿ ಫ್ಯಾಕ್ಟರ್ (ಅದರಲ್ಲಿ ಮೇಲೆತ್ತಬಹುದಾದ ಪಾಲು), ಅಕ್ವಿಫರ್ (ನೀರು ತುಂಬಿದ, ನೀರು ಬಿಡುವ ಕಲ್ಲಿನ ಪದರ). ಸದ್ಯಕ್ಕೆ ‘ಬಿಸಿನೀರಿನ ನಿಕ್ಷೇಪ’, ‘ಮರುಪಡೆಯುವ ಅಂಶ’, ‘ಜಲಧರ’ ಎಂದು ಬರೆದಿದ್ದೇನೆ. ಮೇಲಿನ ತಲೆಬರಹ ‘ಭೂಉಷ್ಣದ ಅಂದಾಜು’. ಜಾಗ ಕಡಿಮೆ, ಪದ ಚಿಕ್ಕದಿದ್ದರೆ ಉಪಕಾರ.

ಜಯಲಕ್ಷ್ಮೀಪುರಂ, ಮೈಸೂರು:

‘ಭೂಉಷ್ಣ’ ಕೂಡದು. ಎರಡೂ ಸಂಸ್ಕೃತ ಪದ, ಸವರ್ಣದೀರ್ಘ ಆಗಲೇಬೇಕು, ‘ಭೂಷ್ಣ’ ಎಂದಾಗುತ್ತದೆ. ಹಾಗೆ ಬರೆದರೆ ಯಾರಿಗೂ ತಿಳಿಯುವುದಿಲ್ಲ. ಸಂಧಿ ಬಿಟ್ಟು ಬರೆದರೆ ವ್ಯಾಕರಣ ಉಳಿಯುವುದಿಲ್ಲ. ‘ಜಲಧರ’ ಎಂದರೆ ಮೋಡ. ಎರಡು ಕಿಲೋಮೀಟರ್ ನೆಲದ ಕೆಳಗೆ ಮೋಡ ಕಟ್ಟಬೇಡಿ. ಅಚ್ಚಗನ್ನಡದಲ್ಲಿ ‘ನೀರ್ಪದರ’ ಇದೆ. ಸುಣ್ಣಗಲ್ಲಿನಂಥ ಕಣಶಿಲೆಗೂ (ಸೆಡಿಮೆಂಟರಿ ರಾಕ್) ‘ಗಸಿಗಲ್ಲು’ ಎನ್ನಬಹುದು. ಎಣ್ಣೆಯ ಗಸಿ ಅಡಿಯಲ್ಲಿ ಕೂರುವ ಹಾಗೇ ಕೆರೆ, ಕಡಲಿನ ತಳದಲ್ಲಿ ಕೂತು ಗಟ್ಟಿಯಾದ ಕಲ್ಲು.

ಮಾನಸಗಂಗೋತ್ರಿ ಹತ್ತಿರದಿಂದ, ಮೈಸೂರು:

‘ಬಿಸಿನೀರಿನ ನಿಕ್ಷೇಪ’ವನ್ನು ಮೊದಲು ಅಳಿಸಿ. ಇದು ಬರೀ ಪದದ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ, ಲೆಕ್ಕವೇ ತಲೆಕೆಳಗಾಗುತ್ತೆ.

ಆ ಪದರದ ಒಂದು ಘನ ಮೀಟರ್ ತೆಗೆದುಕೊಳ್ಳಿ. ನೂರಕ್ಕೆ 20 ಪಾಲು ತೂತು, ತೂತಿನ ತುಂಬ ನೀರು, ಉಳಿದ 80 ಪಾಲು ಕಲ್ಲು ಎಂದಿಟ್ಟುಕೊಳ್ಳೋಣ. ಒಂದು ಘನ ಮೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4.2 ಮೆಗಾಜೂಲ್ ಬೇಕು, ಗಟ್ಟಿ ಕಲ್ಲಿಗೆ ಸುಮಾರು 2.2. ಹಾಗಾದರೆ ನೀರಿನ ಪಾಲು 0.84, ಕಲ್ಲಿನ ಪಾಲು 1.76, ಒಟ್ಟು 2.6. ಮೂರರಲ್ಲಿ ಎರಡು ಪಾಲು ಶಾಖ ಕೂತಿರುವುದು ಕಲ್ಲಿನಲ್ಲಿ. ನೀರು ಅದನ್ನು ಹೊತ್ತು ತರುವ ಕೂಲಿ ಅಷ್ಟೆ.

ಈ 2.6ನ್ನು ಪದರದ ವಿಸ್ತೀರ್ಣ, ಅದರ ದಪ್ಪ, ಮತ್ತು ಪದರದ ತಾಪಮಾನದಿಂದ ಮೇಲ್ಮೈಯ ವರ್ಷದ ಸರಾಸರಿ ತಾಪಮಾನ ಕಳೆದು ಉಳಿದದ್ದು, ಇವುಗಳಿಂದ ಗುಣಿಸಿ. ಒಂದು ಚದರ ಕಿಲೋಮೀಟರ್, 50 ಮೀಟರ್ ದಪ್ಪ, ಕೆಳಗೆ 70 ಡಿಗ್ರಿ, ಮೇಲೆ 10 ಡಿಗ್ರಿ ಇದ್ದರೆ 7.8 ಪೆಟಾಜೂಲ್ (ಒಂದು ಪೆಟಾಜೂಲ್ ಎಂದರೆ ನೂರು ಕೋಟಿ ಮೆಗಾಜೂಲ್) ಬರುತ್ತೆ. ಇದೇ ಹೀಟ್ ಇನ್ ಪ್ಲೇಸ್. ಇದರಲ್ಲಿ ಕೈಗೆ ಸಿಗುವುದು ಸ್ವಲ್ಪ. ಎತ್ತುವ ಬಾವಿ ಒಂದು, ತಣಿದ ನೀರನ್ನು ಮತ್ತೆ ಅದೇ ಪದರಕ್ಕೆ ಇಳಿಸುವ ಬಾವಿ ಒಂದು, ಹೀಗೆ ಜೋಡಿ ಬಾವಿ ಇರುವಾಗ ಯುರೋಪಿನ ಅಟ್ಲಾಸ್‌ಗಳು ಹೀಗೆ ಲೆಕ್ಕ ಹಾಕುತ್ತವೆ: ಪದರದ ತಾಪಮಾನದಿಂದ ಇಳಿಸುವ ನೀರಿನ ತಾಪಮಾನ ಕಳೆಯಿರಿ, ಬಂದದ್ದನ್ನು ಮೇಲೆ ಹೇಳಿದ ವ್ಯತ್ಯಾಸದಿಂದ ಭಾಗಿಸಿ, 0.33ರಿಂದ ಗುಣಿಸಿ. 40 ಡಿಗ್ರಿಯ ನೀರು ಇಳಿಸಿದರೆ 0.165. ಅಂದರೆ ಸುಮಾರು 1.29 ಪೆಟಾಜೂಲ್. 30 ವರ್ಷ ಹಗಲೂ ರಾತ್ರಿ ಎಳೆದರೆ 1.36 ಮೆಗಾವ್ಯಾಟ್.

ಅಂದಾಜು ಕೆಡುವುದು ಸಾಮಾನ್ಯವಾಗಿ ಎರಡು ಕಡೆ. ದಪ್ಪ ಎಂದರೆ ನೀರು ಬಿಡುವ ಪದರದ ದಪ್ಪ ಮಾತ್ರ, ನಡುನಡುವೆ ಬರುವ ಜೇಡಿಗಲ್ಲನ್ನು ಕಳೆಯಬೇಕು. ಗದ್ದೆಯ ಕೆಸರಿನಲ್ಲಿ ನೀರು ತುಂಬಿರುತ್ತೆ, ಬಿಟ್ಟುಕೊಡುವುದಿಲ್ಲ. ಜೇಡಿಗಲ್ಲಿನದೂ ಅದೇ ಗುಣ. ಎರಡನೆಯದು ಬಾವಿ ತಳದ ತಾಪಮಾನ. ಕೊರೆಯುವಾಗ ಹರಿಸಿದ ಮಡ್ಡಿನಿಂದ (ಕೆಸರಿನಂಥ ದ್ರವ) ತಳ ತಣ್ಣಗಾಗಿರುತ್ತೆ. ಕೂಡಲೇ ಅಳೆದರೆ ಕಲ್ಲಿನ ನಿಜವಾದ ತಾಪಮಾನಕ್ಕಿಂತ ಕಡಿಮೆ ತೋರಿಸುತ್ತೆ. ಕೆಲವು ಗಂಟೆ ಬಿಟ್ಟು ಬಿಟ್ಟು ಎರಡು ಮೂರು ಸಲ ಅಳೆದು, ಅದು ಏರುವ ಗತಿ ನೋಡಿ ತಿದ್ದಬೇಕು. ಹಾರ್ನರ್ ತಿದ್ದುಪಡಿ ಎನ್ನುವುದು ಇದನ್ನೇ.

ನಿಮ್ಮ ಪದದಲ್ಲಿ ಮೂರು ಅರ್ಥ ಉಳಿಯಬೇಕು: ಶಾಖ, ಕಲ್ಲು ನೀರು ಎರಡರಲ್ಲೂ ಇರುವುದು, ಇನ್ನೂ ಎತ್ತದೆ ಇರುವುದು. ‘ನಿಕ್ಷೇಪ’ವೂ ಬೇಡ. ಗಣಿಯವರ ಬಾಯಲ್ಲಿ ಅದಕ್ಕೆ ತೆಗೆದರೆ ಲಾಭ ಉಂಟು ಎಂಬ ಅರ್ಥ ಅಂಟಿದೆ.

ಪಾಂಡವಪುರ:

ಮೇಡಂ, ‘ಇಡುಗಂಟು’ ಇದೆಯಲ್ಲ. ಅದೇ ಅಚ್ಚಿನಲ್ಲಿ ‘ಇಡುಶಾಖ’ ಅನ್ನಿ. ನಾಲ್ಕೇ ಅಕ್ಷರ.

ರಿಕವರಿಗೆ ಮಂಡ್ಯದಲ್ಲಿ ಪದ ಹುಡುಕುವ ಕಷ್ಟವೇ ಇಲ್ಲ. ಕಬ್ಬು ನುರಿಸಿದಾಗ ನೂರು ಕೆಜಿಗೆ ಎಷ್ಟು ಸಕ್ಕರೆ ಬಂತು ಎನ್ನುವುದಕ್ಕೆ ‘ಇಳುವರಿ’ ಎನ್ನುತ್ತೇವೆ. ಎಫ್‌ಆರ್‌ಪಿ (ಕೇಂದ್ರ ಸರ್ಕಾರ ಕಬ್ಬಿಗೆ ಗೊತ್ತುಮಾಡುವ ಬೆಲೆ) ನಿಂತಿರುವುದೇ ಶೇ 10.25ರ ಇಳುವರಿಯ ಮೇಲೆ. ತೂಕದ ಸೇತುವೆಯ ಮೇಲೆ ನಿಂತ ಕಬ್ಬಿನ ಗಾಡಿ ನಿಮ್ಮ ಇಡುಶಾಖ, ಚೀಲಕ್ಕೆ ಬಿದ್ದ ಸಕ್ಕರೆ ನಿಮ್ಮ ರಿಕವರಿ. ‘ಮರುಪಡೆಯುವ ಅಂಶ’ ಎಂದರೆ ಕಳೆದುಹೋದದ್ದು ಮತ್ತೆ ಸಿಕ್ಕಿತು ಎಂದು ಓದುತ್ತಾರೆ.

ಜಯಲಕ್ಷ್ಮೀಪುರಂ:

‘ಇಡುಶಾಖ’ ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದು. ತಿರಸ್ಕರಿಸಿ.

ಶ್ರೀರಂಗಪಟ್ಟಣ:

ಇಳುವರಿಗೆ ನನ್ನ ಒಪ್ಪಿಗೆ ಇಲ್ಲ. ಬೋರ್‌ವೆಲ್ ಕೆಲಸದಲ್ಲಿ ಇಳುವರಿ ಎಂದರೆ ಬಾವಿ ಕೊಡುವ ನೀರು. ‘ಎರಡಿಂಚು ನೀರು ಬಿತ್ತು’ ಎನ್ನುವುದು ಅದನ್ನೇ. ಸಾಲದ್ದಕ್ಕೆ ಅಂತರ್ಜಲ ಶಾಸ್ತ್ರದಲ್ಲಿ ಸ್ಪೆಸಿಫಿಕ್ ಯೀಲ್ಡ್ ಬೇರೆ ಇದೆ: ತಂತಾನೇ ಬಸಿದು ಹೊರಬರುವ ನೀರಿನ ಪಾಲು. ಒಂದೇ ಫಲಕದಲ್ಲಿ ನೀರು, ಬಾವಿ, ಇಳುವರಿ ಮೂರೂ ಬಂದರೆ ನಮ್ಮ ಕಡೆಯವರು ಇಂಚು ಎಷ್ಟು ಎಂದೇ ಕೇಳುತ್ತಾರೆ. ಸುಮ್ಮನೆ ‘ರಿಕವರಿ’ ಬರೆಯಿರಿ. ಕೇಸಿಂಗ್, ಸಬ್‌ಮರ್ಸಿಬಲ್, ಪೈಪ್, ಕೇಬಲ್ ಎಲ್ಲವನ್ನೂ ರೈತರು ಅರಗಿಸಿಕೊಂಡಿದ್ದಾರೆ. ಇದೊಂದಕ್ಕೆ ಮಡಿ ಯಾಕೆ?

ಜಯಲಕ್ಷ್ಮೀಪುರಂ:

ವಸ್ತುವಿನ ಜೊತೆ ಬಂದ ಹೆಸರು ಬೇರೆ, ಪರಿಕಲ್ಪನೆಯ ಹೆಸರು ಬೇರೆ. ಪೈಪು ಅಂಗಡಿಯಲ್ಲಿ ಕಣ್ಣಿಗೆ ಕಾಣುತ್ತದೆ, ಹೆಸರು ಏನಿದ್ದರೂ ವಸ್ತು ಅರ್ಥವಾಗುತ್ತದೆ. ರಿಕವರಿ ಕಾಣುವುದಿಲ್ಲ. ಅದು ಅರ್ಥವಾಗಬೇಕಾದರೆ ಪದದೊಳಗೇ ದಾರಿ ಇರಬೇಕು. ಹೀಗೆ ಒಂದೊಂದನ್ನೇ ಬಿಟ್ಟುಕೊಟ್ಟು ಕನ್ನಡದಲ್ಲಿ ವಿಜ್ಞಾನ ಬರೆದರೆ ಕ್ರಿಯಾಪದ ಮಾತ್ರ ನಮ್ಮದಾಗಿರುತ್ತದೆ.

ಮಂಡ್ಯ ನಗರ:

ಅರಿಸಮಾಸದ ಮಾತಿಗೆ ಉತ್ತರ. ‘ಶಾಖ’ ಸಂಸ್ಕೃತ ಎಂದು ಯಾರು ಹೇಳಿದರು ಸ್ವಾಮಿ? ಸಂಸ್ಕೃತದ ‘ಶಾಖಾ’ ಎಂದರೆ ಕೊಂಬೆ, ಅಲ್ಲಿ ಬಿಸಿಯ ಅರ್ಥವಿಲ್ಲ. ನಮ್ಮ ‘ಸೆಕೆ’, ತೆಲುಗಿನ ‘ಸೆಗ’ ನೋಡಿ, ನೆಂಟಸ್ತಿಕೆ ಕಾಣುತ್ತೆ. ಮಹಾಪ್ರಾಣದ ಅಂಗಿ ತೊಟ್ಟ ಮಾತ್ರಕ್ಕೆ ಮನೆತನ ಬದಲಾಗುವುದಿಲ್ಲ. ಹಾಗೆ ನೋಡಿದರೆ ಅರಿದೋಷ ತಟ್ಟಬೇಕಾದದ್ದು ಸಂಸ್ಕೃತದ ‘ಭೂ’ ಸೇರಿದ ‘ಭೂಶಾಖ’ದಂಥ ಪದಕ್ಕೆ.

ಇನ್ನು ಶಾಖ ಸಂಸ್ಕೃತವೇ ಎಂದು ಹಟ ಹಿಡಿದರೂ ‘ಇಡುಶಾಖ’ ನಿಲ್ಲುತ್ತೆ. ಸುಡುಗಾಡು, ಕಡೆಗೋಲಿನ ಹಾಗೆ ಇದು ಕ್ರಿಯೆಯ ಪದ ಮೊದಲು ಬಂದಿರುವ ಗಮಕಸಮಾಸ. ಗಮಕಕ್ಕೆ ಅರಿದೋಷ ಹೇಳುವುದಿಲ್ಲ.

ಜಯಲಕ್ಷ್ಮೀಪುರಂ:

ಗಮಕದ ಮಾತು ಸರಿ, ಒಪ್ಪಿದೆ. ‘ಸೆಕೆ’ಯ ನೆಂಟಸ್ತಿಕೆ ಬರೀ ಊಹೆ. ಸ ಯಾವಾಗ ಶ ಆಯಿತು, ಎಲ್ಲಿ ಆಯಿತು ಎಂದು ಪ್ರಯೋಗ ತೋರಿಸದೆ ಅಂಗಿಯ ಕತೆ ಬೇಡ.

ಮಾನಸಗಂಗೋತ್ರಿ ಹತ್ತಿರದಿಂದ:

‘ಇಡುಶಾಖ’ ಚೆನ್ನಾಗಿದೆ. ಇಡುಗಂಟು ಎಂದರೆ ಖರ್ಚಾಗದೆ ಇರುವ ಒಟ್ಟು ಮೊತ್ತ. ಇಲ್ಲೂ ಅದೇ ಅರ್ಥ. ಇಳುವರಿಯನ್ನು ‘ಶಾಖದ ಇಳುವರಿ’ ಎಂದು ಬಿಡಿಸಿ, ಪಕ್ಕದಲ್ಲಿ ಶೇಕಡಾ ಹಾಕಿದರೆ ಇಂಚಿನ ಗೊಂದಲ ಬರುವುದಿಲ್ಲ.

ಇಳಿಸುವ ಬಾವಿಗೆ ‘ಇಂಗು ಬಾವಿ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳುತ್ತೇನೆ, ಬೇಡ. ಇಂಗು ಬಾವಿ ಮಳೆನೀರಿನದು, ನೀರು ಅಲ್ಲಿ ತಂತಾನೇ ಇಳಿಯುತ್ತೆ. ಇಲ್ಲಿ ಎತ್ತಿದ ಉಪ್ಪುನೀರನ್ನೇ ಅದೇ ಪದರಕ್ಕೆ ಮರಳಿಸುವುದು. ಎರಡು ಬಾವಿಗಳ ತಳ ಹತ್ತಿರವಿದ್ದರೆ ತಣ್ಣನೆ ನೀರು ಬೇಗ ಎತ್ತುವ ಬಾವಿಯನ್ನು ಮುಟ್ಟಿಬಿಡುತ್ತೆ. ಆದರೆ ಆ ತಂಪು, ನೀರು ಸಾಗುವಷ್ಟೇ ವೇಗವಾಗಿ ಸಾಗುವುದಿಲ್ಲ. ದಾರಿಯುದ್ದಕ್ಕೂ ಬಿಸಿ ಕಲ್ಲು ಇಳಿಸಿದ ನೀರನ್ನು ಕಾಯಿಸುತ್ತಾ ಹೋಗುವುದರಿಂದ ಮೇಲಿನ ಲೆಕ್ಕದ ಪದರದಲ್ಲಿ (0.84ನ್ನು 2.6ರಿಂದ ಭಾಗಿಸಿ) ತಂಪಿನ ಅಂಚಿನ ವೇಗ ನೀರಿನ ವೇಗದ ಸುಮಾರು ಮೂರನೇ ಒಂದು ಪಾಲು. ‘ಬಿಸಿನೀರಿನ ನಿಕ್ಷೇಪ’ ಎಂದು ಓದಿಕೊಂಡವರಿಗೆ ಇದು ಎಂದೂ ಅರ್ಥವಾಗದು.

ಶ್ರೀರಂಗಪಟ್ಟಣ:

ಶೇಕಡಾ ಹಾಕುವುದಾದರೆ ಇಳುವರಿ ಇರಲಿ. ‘ನೀರ್ಪದರ’ಕ್ಕೂ ತಕರಾರಿಲ್ಲ, ಒಂದು ಮಾತು ಮಾತ್ರ. ಮೈಸೂರು, ಮಂಡ್ಯದ ನೆಲ ನೈಸ್ (gneiss) ಎಂಬ ಗಟ್ಟಿ ಶಿಲೆ. ನಮ್ಮ ಬೋರ್‌ಗಳಿಗೆ ನೀರು ಬರುವುದು ಮೇಲಿನ ಶಿಥಿಲ ಕಲ್ಲಿನಿಂದ, ಕೆಳಗಿನ ಬಿರುಕುಗಳಿಂದ. ಅದನ್ನು ‘ಸೆಲೆ’ ಎನ್ನುತ್ತೇವೆ. ಹಾಸಿದ ಕಂಬಳಿಯ ಹಾಗೆ ನೂರಾರು ಕಿಲೋಮೀಟರ್ ಹರಡಿರುವ ಪದರ ಇಲ್ಲಿಲ್ಲ. ನೋಡುವವರು ಕುಕ್ಕರಹಳ್ಳಿ ಕೆರೆಯ ಅಡಿಯಲ್ಲೂ ಇಂಥದ್ದಿದೆ ಎಂದುಕೊಳ್ಳಬಾರದು, ಒಂದು ಸಾಲು ಸೇರಿಸಿ.

ಸರಸ್ವತಿಪುರಂ:

ಎಲ್ಲರಿಗೂ ಋಣಿ. ಅಂಗಡಿಗೆ ಹೋಗುವ ಪಠ್ಯ ಹೀಗಿದೆ, ಕೊನೆಯ ಸಲ ನೋಡಿ:

“ನೆಲದಡಿಯ ಶಾಖ: ಅಂದಾಜು ಹೇಗೆ? ನೀರ್ಪದರದ ಕಲ್ಲು, ನೀರು ಎರಡರಲ್ಲೂ ಇರುವ ಒಟ್ಟು ಶಾಖವೇ ಇಡುಶಾಖ. ಅದರಲ್ಲಿ ಮೇಲೆತ್ತಬಹುದಾದ ಪಾಲು ಶಾಖದ ಇಳುವರಿ. 70 ಡಿಗ್ರಿ ಉಷ್ಣಾಂಶದ ಈ ಪದರದಲ್ಲಿ ಇಳುವರಿ ಶೇ 16.5. ಇಂಥ ಪದರ ಇರುವುದು ಕಣಶಿಲೆಯ ನಾಡಿನಲ್ಲಿ. ಮೈಸೂರಿನ ನೆಲದಡಿ ಇರುವುದು ಗಟ್ಟಿ ನೈಸ್ ಶಿಲೆ.”

ಜಯಲಕ್ಷ್ಮೀಪುರಂ:

‘ಕಣಶಿಲೆ’ ಉಳಿಸಿಕೊಂಡಿದ್ದೀರಿ. ಶಾಲೆಯ ಪಠ್ಯದಲ್ಲಿ ಇರುವುದರಿಂದ ಬಿಡುತ್ತೇನೆ.

ಮಾನಸಗಂಗೋತ್ರಿ ಹತ್ತಿರದಿಂದ:

ಎರಡು ತಿದ್ದುಪಡಿ, ದಯವಿಟ್ಟು ಈಗಲೇ ಮಾಡಿ. ‘ಉಷ್ಣಾಂಶ’ ತೆಗೆದು ‘ತಾಪಮಾನ’ ಹಾಕಿ. ಪತ್ರಿಕೆಯ ಹವಾಮಾನ ವರದಿಯಲ್ಲಿ ಉಷ್ಣಾಂಶ ನಡೆಯುತ್ತೆ. ಶಾಖದ ಅಂದಾಜಿನ ಪಕ್ಕದಲ್ಲಿ ಬಂದರೆ ಉಷ್ಣದ ಅಂಶ, ಅಂದರೆ ಶಾಖದ ಪ್ರಮಾಣ ಎಂದೇ ಓದಿಸಿಕೊಳ್ಳುತ್ತೆ. ಇನ್ನು ಶೇ 16.5ರ ಹಿಂದೆ ‘40 ಡಿಗ್ರಿಗೆ ತಣಿಸಿ ಮರಳಿಸಿದರೆ’ ಎಂದು ಸೇರಿಸಿ, ಅದಿಲ್ಲದೆ ಆ ಅಂಕಿಗೆ ಅರ್ಥವಿಲ್ಲ. ಅದೇ ನೀರನ್ನು 25 ಡಿಗ್ರಿಯವರೆಗೆ ತಣಿಸಿದರೆ ಅದೇ ಪದರದ ಇಳುವರಿ ಶೇ 24.75.