ಅಮೆರಿಕದಲ್ಲಿ ನ್ಯಾಷನಲ್ ಪಾರ್ಕು ಜೊತೆಗೆ ಕೌಬಾಯ್ ಊರು: ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋಕೆ ಯಾವ ರೂಟ್ ಸರಿ?

ಪಟ್ಣದ ಜೋಡೆತ್ತು (ಹಾಸನ):
ಎಲ್ರಿಗೂ ನಮಸ್ಕಾರ. ತಮ್ಮ ಡೆನ್ವರ್‌ನಲ್ಲಿದಾನೆ, ಬನ್ನಿ ಬನ್ನಿ ಅಂತ ಕರೀತಾನೇ ಇದ್ದ, ಈಗ ಅಪ್ಪ ಅಮ್ಮಂಗೂ ವೀಸಾ ಸಿಕ್ಕಿದೆ. ನಾನು, ಹೆಂಡ್ತಿ, ಆರನೇ ಕ್ಲಾಸ್ ಓದೋ ಮಗ, ಅಪ್ಪ, ಅಮ್ಮ. ಅಪ್ಪ ಮೊದ್ಲೇ ಹೇಳ್ಬಿಟ್ಟಿದಾರೆ, ಎತ್ತರದ ಬಿಲ್ಡಿಂಗ್ ನೋಡೋಕೆ ಅಷ್ಟು ದೂರ ನಾನ್ ಬರಲ್ಲ ಅಂತ. ಚನ್ನರಾಯಪಟ್ಣದ ಕಡೆಯೋರು, ಬೂಕನಬೆಟ್ಟದ ಜಾತ್ರೆಗೆ ಎತ್ತು ಹೊಡ್ಕೊಂಡು ಹೋಗ್ತಿದ್ದೋರು, ಅವ್ರಿಗೆ ಕುದುರೆ ಮೇಲೆ ಕೂತು ದನ ಕಾಯೋರನ್ನ ನೋಡ್ಬೇಕಂತೆ, ಮಗನಿಗೆ ಬಿಸಿನೀರು ಚಿಮ್ಮೋದು ಮತ್ತೆ ಕರಡಿ. ತಮ್ಮ ಹಾಕಿರೋ ಪ್ಲಾನ್ ಹೆಂಗಿದೆ ಅಂದ್ರೆ ಡೆನ್ವರ್, ಯೆಲ್ಲೋಸ್ಟೋನ್, ಅಲ್ಲಿಂದ ಗ್ರ್ಯಾಂಡ್ ಕ್ಯಾನಿಯನ್, ವೇಗಾಸ್, ಆಮೇಲೆ ಟೆಕ್ಸಾಸ್, ವಾಪಸ್ ಡೆನ್ವರ್, ಎಲ್ಲಾ ಕಾರಲ್ಲೇ ಹನ್ನೆರಡು ದಿನ. ಸ್ಕೂಲ್ ರಜ ಅಂತ ಏಪ್ರಿಲ್ ಮಧ್ಯದಲ್ಲಿ ಹೊರಡೋ ಯೋಚ್ನೆ. ಇದು ಆಗೋ ಮಾತಾ? ಹೋಗ್ಬಂದೋರು ಹೇಳಿ.

ಕೊಪ್ಪದ ಅಡಿಕೆ:
ಮಾರಾಯ್ರೆ, ಮೊದ್ಲು ಆ ಏಪ್ರಿಲ್ ಬಿಡಿ. ಯೆಲ್ಲೋಸ್ಟೋನ್ ಒಳಗಿನ ರಸ್ತೆಗಳು ನವೆಂಬರ್ ಶುರುವಲ್ಲಿ ಮುಚ್ಚಿದ್ರೆ ಏಪ್ರಿಲ್ ಮೂರನೇ ವಾರದ ತನಕ ಕಾರಿಗೆ ಇಲ್ಲ, ವರ್ಷಪೂರ್ತಿ ಓಪನ್ ಇರೋದು ಉತ್ತರದ ಗಾರ್ಡಿನರ್ ಬಾಗಿಲು, ಅಲ್ಲಿಂದ ಕುಕ್ ಸಿಟಿ ಕಡೆ ಹೋಗೋ ಒಂದೇ ರಸ್ತೆ. ಪಶ್ಚಿಮದ ಗೇಟ್ ಏಪ್ರಿಲ್ ಮೂರನೇ ವಾರ ತೆಗೀತಾರೆ, ಪೂರ್ವದ್ದು ಮತ್ತೆ ದಕ್ಷಿಣದ್ದು ಮೇ ಬಂದ್ಮೇಲೆ. ನೀವು ಡೆನ್ವರ್‌ನಿಂದ ಬರೋರಿಗೆ ಬೇಕಾಗಿರೋದೇ ಆ ಎರಡು. ದಸರಾ ರಜದಲ್ಲಿ ಹೋಗ್ತೀವಿ ಅಂದ್ರೆ ಪಾರ್ಕ್ ಸಿಗುತ್ತೆ, ಆದ್ರೆ ಪೂರ್ವದ ಗೇಟಿನ ಆಚೆ ಇರೋ ಕೋಡಿ ಊರಿನ ರೋಡಿಯೋ, ಅಂದ್ರೆ ಕೌಬಾಯ್‌ಗಳ ಹೋರಿ ಕುದುರೆ ಸ್ಪರ್ಧೆ, ಜೂನ್ 1ರಿಂದ ಆಗಸ್ಟ್ ಕೊನೆ ತನಕ ಮಾತ್ರ. ಅದಕ್ಕೇ ಹೇಳ್ತಿರೋದು, ಮೇ ಕೊನೆ ವಾರ ಹೊರಟು ಜೂನ್ ಮೊದಲ ವಾರ ಅಲ್ಲಿರಿ. ಸ್ಕೂಲ್ ಶುರುವಾಗಿ ಒಂದು ವಾರ ಹೋಗುತ್ತೆ ಅಷ್ಟೇ, ಆ ವಾರದಲ್ಲಿ ನೋಟ್‌ಬುಕ್‌ಗೆ ಬೈಂಡ್ ಹಾಕೋದು ಬಿಟ್ಟು ಇನ್ನೇನ್ ಮಾಡ್ತಾರೆ.

ಎರಡನೇದು, ತಮ್ಮನ ರೂಟು. ಅಲ್ಲಿ ನಕ್ಷೆ ನೋಡಿ ಅಂದಾಜು ಹಾಕೋಕಾಗಲ್ಲ. ಯೆಲ್ಲೋಸ್ಟೋನ್‌ನಿಂದ ಗ್ರ್ಯಾಂಡ್ ಕ್ಯಾನಿಯನ್‌ಗೆ ಪೂರ್ತಿ ಒಂದು ದಿನ ಸ್ಟೀರಿಂಗ್ ಹಿಡ್ಕೊಂಡೇ ಕೂರ್ಬೇಕು, ಅಲ್ಲಿಂದ ಟೆಕ್ಸಾಸ್ ಮತ್ತೆ ಅಷ್ಟೇ ದೂರ. ವಯಸ್ಸಾದೋರನ್ನ ಕೂರಿಸ್ಕೊಂಡು ಪೆಟ್ರೋಲ್ ಬಂಕ್ ನೋಡೋ ಟೂರ್ ಆಗುತ್ತೆ ಅದು. ವಯೋಮಿಂಗ್ ಅನ್ನೋ ಒಂದೇ ರಾಜ್ಯ ಹಿಡೀರಿ, ನಿಮ್ಮಪ್ಪಂಗೆ ಬೇಕಾದ್ದೂ ಮಗನಿಗೆ ಬೇಕಾದ್ದೂ ಎರಡೂ ಒಂದೇ ದಾರೀಲಿದೆ. ಡೆನ್ವರ್‌ನಿಂದ ಶಯೆನ್ ಮೇಲೆ ಹೋಗಿ ರಾಲಿನ್ಸ್‌ನಲ್ಲೋ ರಾಕ್ ಸ್ಪ್ರಿಂಗ್ಸ್‌ನಲ್ಲೋ ರಾತ್ರಿ ಉಳ್ಕೊಳ್ಳಿ, ಮಾರನೇ ದಿನ ಜ್ಯಾಕ್ಸನ್. ಅಲ್ಲಿಂದ ಯೆಲ್ಲೋಸ್ಟೋನ್ ದಕ್ಷಿಣದ ಗೇಟಿಗೆ ಸುಮಾರು 90 ಕಿ.ಮೀ., ಆ ದಾರಿ ಗ್ರ್ಯಾಂಡ್ ಟೀಟನ್ ಪಾರ್ಕ್ ಒಳಗೇ ಹೋಗೋದು, 4,199 ಮೀಟರ್ ಶಿಖರ ನೆಲದಿಂದ ನೇರ ಎದ್ದು ನಿಂತಿರುತ್ತೆ, ಮಧ್ಯೆ ಸಣ್ಣ ಗುಡ್ಡ ಅಂತ ಏನೂ ಇಲ್ಲ. ಆಮೇಲೆ ಯೆಲ್ಲೋಸ್ಟೋನ್‌ಗೆ ನಾಲ್ಕು ರಾತ್ರಿ ಇಡಿ, ಕಮ್ಮಿ ಬೇಡ. ಒಳಗಿನ ಸುತ್ತು ರಸ್ತೆನೇ 228 ಕಿ.ಮೀ., ಅದ್ರಲ್ಲಿ ಕಾಡೆಮ್ಮೆ (ಬೈಸನ್) ಅಡ್ಡ ಬಂದು ನಿಂತ್ರೆ ಟ್ರಾಫಿಕ್ ಜಾಮ್ ಬೇರೆ. ಪೂರ್ವದ ಗೇಟಿಂದ ಆಚೆ ಬಂದ್ರೆ ಒಂದು ಒಂದೂವರೆ ಗಂಟೇಲಿ ಕೋಡಿ. ಅಲ್ಲಿಂದ ವಾಪಸ್ ಬರೋವಾಗ ಥರ್ಮಾಪೊಲಿಸ್ ಅಂತ ಊರು, ಸರ್ಕಾರಿ ಬಿಸಿನೀರಿನ ಸ್ನಾನದ ಮನೆ ಇದೆ, ಫ್ರೀ, ಇಪ್ಪತ್ತು ನಿಮಿಷ ಬಿಡ್ತಾರೆ, ಅಮ್ಮನ ಮಂಡಿಗೆ ಒಳ್ಳೇದು.

ದುಡ್ಡಿನ ವಿಷಯಾನೂ ಹೇಳ್ಬಿಡ್ತೀನಿ, ಹಳೇ ಬ್ಲಾಗ್ ಓದ್ಕೊಂಡು 35 ಡಾಲರ್ ಅಂತ ಹೋಗ್ಬೇಡಿ. 2026ರ ಜನವರಿಯಿಂದ ಹೊರದೇಶದೋರಿಗೆ 11 ಪಾರ್ಕ್‌ಗಳಲ್ಲಿ ತಲಾ 100 ಡಾಲರ್ ಎಕ್ಸ್‌ಟ್ರಾ ಹಾಕಿದಾರೆ, 16 ವರ್ಷ ತುಂಬಿದ ಪ್ರತಿಯೊಬ್ರಿಗೂ. ಯೆಲ್ಲೋಸ್ಟೋನ್, ಟೀಟನ್ ಎರಡೂ ಆ ಲಿಸ್ಟಲ್ಲಿವೆ. ನೀವು ನಾಲ್ಕು ಜನ ದೊಡ್ಡೋರು, ಎರಡು ಪಾರ್ಕು, ಲೆಕ್ಕ ಹಾಕಿ. ಅದ್ರ ಬದ್ಲು ಹೊರದೇಶದೋರ ವಾರ್ಷಿಕ ಪಾಸ್ 250 ಡಾಲರ್ ತಗೊಂಡ್ರೆ ಆ ಎಕ್ಸ್‌ಟ್ರಾ ತಪ್ಪುತ್ತೆ. ಒಂದು ಪಾಸಲ್ಲಿ ಎಷ್ಟು ಜನ ಅನ್ನೋದನ್ನ ಪಾರ್ಕ್ ಸರ್ವೀಸ್ ಸೈಟಲ್ಲಿ ಓದ್ಕೊಂಡೇ ಬುಕ್ ಮಾಡಿ.

ಕಡೂರು ಕಾವಲು:
ಕೊಪ್ಪದೋರು ರೂಟ್ ಸರಿಯಾಗೇ ಹೇಳವ್ರೆ. ಆದ್ರೆ ನಿಮ್ಮಪ್ಪಂಗೆ ಒಂದ್ ಮಾತು ಮೊದ್ಲೇ ಹೇಳಿ ಕರ್ಕೊಂಡೋಗಿ, ಟೀವೀಲಿ ಬರೋ ಪಿಸ್ತೂಲ್ ಕೌಬಾಯ್ ಬೇರೆ, ನಿಜವಾದೋನು ಬೇರೆ. ಅವ್ನು ಸಂಬಳಕ್ಕೆ ದನ ಕಾಯೋ ಆಳು. ಅವ್ರ ಸಿವಿಲ್ ವಾರ್ (ಅಂತರ್ಯುದ್ಧ) ಮುಗಿದ್ಮೇಲೆ ಟೆಕ್ಸಾಸಲ್ಲಿ ಉದ್ದ ಕೊಂಬಿನ ದನ ಕಾಡು ಬಿದ್ದಂಗೆ ಬೆಳ್ಕೊಂಡಿದ್ವು, ಅಲ್ಲಿ ಬೆಲೆ ಇಲ್ಲ, ಉತ್ತರದಲ್ಲಿ ಬೆಲೆ ಐತೆ, ಆದ್ರೆ ಟೆಕ್ಸಾಸಿಂದ ಅಲ್ಲಿಗೆ ರೈಲಿಲ್ಲ. ಅದಕ್ಕೆ 1867ರಿಂದ ಕ್ಯಾನ್ಸಾಸ್‌ನ ಅಬಿಲೀನ್ ರೈಲ್ವೆ ಸ್ಟೇಷನ್ ತನಕ ನಡೆಸ್ಕೊಂಡೇ ಹೋಗೋರು. ಎರಡು ಮೂರು ಸಾವಿರ ದನಕ್ಕೆ ಹತ್ತು ಹನ್ನೆರಡು ಜನ, ಜೊತೆಗೆ ಅಡಿಗೆ ಗಾಡಿ, ತಿಂಗಳಾನುಗಟ್ಲೆ ಧೂಳು. ಆ ಹಗ್ಗ ಎಸೆಯೋದು, ಜೀನು, ಪ್ಯಾಂಟ್ ಮೇಲೆ ಹಾಕೋ ಚರ್ಮದ ಕಾಲುಗವಸು ಎಲ್ಲಾ ಮೆಕ್ಸಿಕೋದ ದನಗಾಹಿಗಳತ್ರ ಕಲ್ತಿದ್ದು. ಹಂಗೇ ಕೌಬಾಯ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಕಪ್ಪು ಜನಾಂಗದೋನು ಅಂತ ಇತಿಹಾಸ ಬರೆಯೋರು ಹೇಳ್ತಾರೆ, ಫೋಟೋದಲ್ಲಿ ಅವ್ರು ಕಾಣಲ್ಲ ಅಷ್ಟೇ. 1874ರಲ್ಲಿ ಮುಳ್ಳುತಂತಿಗೆ ಪೇಟೆಂಟ್ ಆಯ್ತು, ಬಯಲಿಗೆಲ್ಲ ಬೇಲಿ ಬಿತ್ತು, 1886-87ರ ಚಳೀಲಿ ಲಕ್ಷಾಂತರ ದನ ಸತ್ವು. ಇಪ್ಪತ್ತೇ ವರ್ಷದ ಕಥೆ ಅದು, ಆಮೇಲೆ ನೂರಮೂವತ್ತು ವರ್ಷಕ್ಕೂ ಜಾಸ್ತಿಯಿಂದ ಅದ್ರ ಮೇಲೇ ಬಿಸಿನೆಸ್ ನಡೀತೈತೆ.

ನಮ್ಮ ಅಜ್ಜಂಪುರದ ಅಮೃತ್ ಮಹಲ್ ಕಾವಲು ನೋಡಿದೋರಿಗೆ ಇದು ಬೇಗ ಅರ್ಥ ಆಗುತ್ತೆ. ಮೈಸೂರು ಅರಸರ ಬೆಣ್ಣೆ ಚಾವಡಿ, ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯ್ತು, ಸೈನ್ಯದ ತೋಪು ಎಳೆಯೋ ದನಕ್ಕೆ ಅಂತ್ಲೇ ಹುಲ್ಲುಗಾವಲು ಮೀಸಲಿಟ್ಟು ಕಾಯೋಕೆ ಜನ ಇಟ್ಟಿದ್ರು. ಅಲ್ಲಿ ಬೇಲಿ ಬಂದು ಮುಗೀತು, ಇಲ್ಲಿ ಒತ್ತುವರಿ ಆಗಿ ಕಾವಲು ಕರಗ್ತಾ ಐತೆ. ಹೋಗೋಕ್ ಮುಂಚೆ ಅಪ್ಪನ್ನ ಒಂದ್ಸಲ ಅಜ್ಜಂಪುರಕ್ಕೆ ಕರ್ಕೊಂಡೋಗಿ, ಹಾಸನದಿಂದ ಅರಸೀಕೆರೆ ಬೀರೂರು ಮೇಲೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು.

ಇನ್ನೊಂದು, ದಿನ ಇದ್ರೆ ಮೊಂಟಾನಾದ ಡೀರ್ ಲಾಡ್ಜ್ ಊರಲ್ಲಿ ಗ್ರಾಂಟ್-ಕೋರ್ಸ್ ರ‍್ಯಾಂಚ್ ಐತೆ, ಅದೂ ನ್ಯಾಷನಲ್ ಪಾರ್ಕ್ ಸರ್ವೀಸ್‌ನೋರದ್ದೇ, ಟಿಕೆಟ್ ಇಲ್ಲ, ಇವತ್ತಿಗೂ ದನ ಸಾಕ್ತಾರೆ. ಷೋ ಗೀ ಏನಿಲ್ಲ, ಕೊಟ್ಟಿಗೆ, ಗಾಡಿ, ಹುಲ್ಲು, ಕಮ್ಮಾರನ ಕುಲುಮೆ. ನಂಗಂತೂ ರೋಡಿಯೋಗಿಂತ ಇದೇ ಮೇಲು.

ಬಾಬಾಬುಡನ್ ಬೈಕರ್:
ಎಲ್ರೂ ಟೆಕ್ಸಾಸ್ ಬೇಡ ಅಂತೀರಲ್ಲ. ಅಲ್ಲಿ ಫೋರ್ಟ್ ವರ್ತ್ ಊರಿನ ಹಳೇ ದನದ ಮಾರ್ಕೆಟ್ಟು ಸ್ಟಾಕ್‌ಯಾರ್ಡ್ಸಲ್ಲಿ ದಿನಾ ಎರಡು ಸಲ ಅದೇ ಉದ್ದ ಕೊಂಬಿನ ದನಾನ ರಸ್ತೇಲಿ ನಡೆಸ್ತಾರೆ, ಕೌಬಾಯ್‌ಗಳು ಕುದುರೆ ಮೇಲೆ, ಫ್ರೀಯಾಗಿ ಫುಟ್‌ಪಾತಲ್ಲಿ ನಿಂತು ನೋಡ್ಬೋದು. ಡೆನ್ವರ್‌ನಿಂದ ಅದ್ರ ಪಕ್ಕದ ಡಲ್ಲಾಸ್‌ಗೆ ಫ್ಲೈಟ್ ಎರಡು ಗಂಟೆ.

ಕೊಪ್ಪದ ಅಡಿಕೆ:
ಫ್ಲೈಟಲ್ಲಿ ಹೋಗ್ಬೋದು, ಆದ್ರೆ ಐದು ಟಿಕೆಟ್ ಯಾರ್ ಕೊಡ್ತಾರೆ? ಹತ್ತು ನಿಮಿಷ ದನ ನಡ್ಕೊಂಡು ಹೋಗೋದು ನೋಡೋಕೆ ನಾನಾದ್ರೆ ಹೋಗಲ್ಲ. ಕೋಡೀಲಿ ಐದು ಮ್ಯೂಸಿಯಂ ಒಂದೇ ಸೂರಿನ ಕೆಳಗಿವೆ, ಅದ್ರಲ್ಲಿ ಪ್ಲೇನ್ಸ್ ಇಂಡಿಯನ್ ಜನಾಂಗಗಳ ಮ್ಯೂಸಿಯಂ ಅಂತೂ ಬಿಡ್ಲೇಬೇಡಿ, ಆ ಹುಲ್ಲುಗಾವಲು ಮೊದ್ಲು ಯಾರದ್ದು ಅಂತ ಗೊತ್ತಾಗೋದು ಅಲ್ಲೇ.

ಆಲೂರು ಸಲಗ:
ರೋಡಿಯೋ ಬಗ್ಗೆ ಯಾರೂ ಹೇಳ್ಲಿಲ್ಲ, ನಾನ್ ಹೇಳ್ತೀನಿ. ಓಡೋ ಕರುಗೆ ಕುಣಿಕೆ ಎಸೆದು ಕೆಡವಿ ಕಾಲು ಕಟ್ಟೋದು ಒಂದು ಸ್ಪರ್ಧೆ. ದನ ಸಾಕಿ ಗೊತ್ತಿರೋ ಮನುಷ್ಯಂಗೆ ಅದು ಹಿಡಿಸುತ್ತೋ ಹೊಟ್ಟೆ ಉರಿಯುತ್ತೋ ಹೇಳೋಕಾಗಲ್ಲ, ನಮ್ಮನೇಲಿ ವಿಡಿಯೋ ನೋಡಿ ಅಜ್ಜಿ ಎದ್ದೇ ಹೋದ್ರು. ಹೋರಿ ಮೇಲೆ ಎಂಟು ಸೆಕೆಂಡ್ ಕೂರೋದು ಪರವಾಗಿಲ್ಲ, ಅಲ್ಲಿ ಒದೆ ತಿನ್ನೋನು ಮನುಷ್ಯ. ಕೋಡೀಲಿ ಮಕ್ಕಳನ್ನೂ ಒಳಗೆ ಬಿಟ್ಟು ಕರು ಬಾಲದ ರಿಬ್ಬನ್ ಕೀಳಿಸ್ತಾರೆ, ಶಿಕಾರಿಪುರ ಕಡೆ ಹೋರಿ ಹಬ್ಬದಲ್ಲಿ ಕೊಬ್ರಿ ಕೀಳೋ ಹಂಗೆ, ನಿಮ್ಮ ಮಗ ಬರೋದೇ ಇಲ್ಲ ಅಲ್ಲಿಂದ.

ಪ್ರಾಣಿ ವಿಷಯ. ನಮ್ಮ ಕಡೆಯೋರಿಗೆ ಆನೆ ಎಲ್ಲಿದೆ ಅಂತ ಮೊಬೈಲಿಗೆ ಮೆಸೇಜ್ ಬರುತ್ತೆ, ಅಲ್ಲಿ ಸಿಗ್ನಲ್ಲೇ ಇರಲ್ಲ ಬಹಳ ಕಡೆ. ಕಾಡೆಮ್ಮೆ ಸುಮ್ನೆ ಮೇಯ್ತಿರುತ್ತೆ, ಎಮ್ಮೆ ತಾನೆ ಅಂತ ಸೆಲ್ಫಿಗೆ ಹೋಗ್ಬೇಡಿ, ಮನುಷ್ಯನ ಮೂರರಷ್ಟು ಸ್ಪೀಡಲ್ಲಿ ಓಡುತ್ತೆ ಅದು. ರೂಲ್ ಪ್ರಕಾರ 23 ಮೀಟರ್ ದೂರ, ಕರಡಿ ತೋಳಕ್ಕೆ 91 ಮೀಟರ್. 1902ರಲ್ಲಿ ಯೆಲ್ಲೋಸ್ಟೋನ್ ಪಾರ್ಕಲ್ಲಿ ಉಳಿದಿದ್ದು ಎರಡು ಡಜನ್ ಕಾಡೆಮ್ಮೆ, ಈಗ ಸಾವಿರಗಟ್ಲೆ, ಅದನ್ನ ಮಗನಿಗೆ ಹೇಳಿ ತೋರ್ಸಿ, ಹೇಡನ್ ಕಣಿವೇಲಿ ಬೆಳಿಗ್ಗೆ ಬೇಗ ಹೋದ್ರೆ ಸಿಗ್ತಾವೆ. ಕರಡಿಗಿಂತ ಜಾಸ್ತಿ ಜನ ಸತ್ತಿರೋದು ಬಿಸಿನೀರಲ್ಲಿ ಬಿದ್ದು, ಮರದ ಹಲಗೆ ದಾರಿ ಬಿಟ್ಟು ಒಂದು ಕಾಲೂ ಆಚೆ ಇಡೋ ಹಂಗಿಲ್ಲ, ಮೇಲ್ಗಡೆ ನೆಲ ತೆಳ್ಳಗಿರುತ್ತೆ.

ಪಟ್ಣದ ಜೋಡೆತ್ತು (ಹಾಸನ):
ಎಲ್ರಿಗೂ ಥ್ಯಾಂಕ್ಸ್, ತಮ್ಮಂಗೆ ಈ ಥ್ರೆಡ್ ಕಳ್ಸಿದೀನಿ, ವೇಗಾಸ್ ಹೋಯ್ತು ಅಂತ ಮುಖ ಊದಿಸ್ಕೊಂಡಿದಾನೆ. ವಯೋಮಿಂಗ್, ಜೂನ್ ಮೊದಲ ವಾರ ಫಿಕ್ಸ್. ಅಜ್ಜಂಪುರಕ್ಕೆ ಈ ಭಾನುವಾರಾನೇ ಹೋಗೋಣ ಅಂತಿದಾರೆ ಅಪ್ಪ. ಇನ್ನೆರಡು ಡೌಟು: ಅಮ್ಮ ಪೂರ್ತಿ ವೆಜ್ಜು, ಮೊಟ್ಟೇನೂ ಇಲ್ಲ, ಊಟಕ್ಕೇನ್ ಮಾಡೋದು? ಮತ್ತೆ ಅಪ್ಪಂಗೆ ಬಿಪಿ ಇದೆ, ಎತ್ತರ ಜಾಸ್ತಿ ಅಂತಾರಲ್ಲ. ತಮ್ಮ ಟೆಂಟ್ ಹಾಕೋಣ ಅಂತಿದಾನೆ.

ಕೊಪ್ಪದ ಅಡಿಕೆ:
ಎತ್ತರ ನಿಜ. ನಮ್ಮ ಮುಳ್ಳಯ್ಯನಗಿರಿ ತುದಿ 1,930 ಮೀಟರ್, ಓಲ್ಡ್ ಫೇತ್‌ಫುಲ್ ಅನ್ನೋ ಬಿಸಿನೀರು ಚಿಮ್ಮೋ ಬುಗ್ಗೆ (ಗೀಸರ್) ಇರೋ ಜಾಗ 2,240, ಅಂದ್ರೆ ಅಲ್ಲಿ ಮಲಗೋದೇ ಮುಳ್ಳಯ್ಯನಗಿರಿಗಿಂತ ಮೇಲೆ. ಡಾಕ್ಟ್ರನ್ನ ಕೇಳ್ಕೊಂಡೇ ಹೊರಡಿ, ಮಾತ್ರೆ ಹ್ಯಾಂಡ್‌ಬ್ಯಾಗಲ್ಲೇ ಇರ್ಲಿ, ಮೊದಲ ಎರಡು ದಿನ ಡೆನ್ವರ್‌ನಲ್ಲಿ ಸುಮ್ನೆ ಇರ್ಲಿ, ಅದೂ 1,600 ಮೀಟರ್ ಎತ್ತರದ ಊರೇ, ಮೈಗೆ ಒಗ್ಗುತ್ತೆ. ಗೀಸರ್‌ಗೆ ಓಡ್ಬೇಡಿ, ಸುಮಾರು ಒಂದೂವರೆ ಗಂಟೆಗೊಂದ್ಸಲ ಚಿಮ್ಮುತ್ತೆ, ಮುಂದಿನ ಟೈಮ್ ಬೋರ್ಡಲ್ಲಿ ಬರೆದಿರ್ತಾರೆ, ಪಕ್ಕದಲ್ಲೇ 1904ರ ಮರದ ಹೋಟ್ಲಿದೆ, ಅಪ್ಪನ್ನ ಅಲ್ಲಿ ಕೂರಿಸಿ.

ಊಟಕ್ಕೆ, ಪಾರ್ಕ್ ಲಾಡ್ಜ್ ರೂಮಲ್ಲಿ ಅಡಿಗೆ ಮಾಡೋ ಹಂಗಿಲ್ಲ. ಪಶ್ಚಿಮದ ಗೇಟಿನ ಆಚೆ ಇರೋ ವೆಸ್ಟ್ ಯೆಲ್ಲೋಸ್ಟೋನ್ ಊರಲ್ಲಿ ಕಿಚನ್ ಇರೋ ಕ್ಯಾಬಿನ್ ಸಿಗುತ್ತೆ, ಡೆನ್ವರ್‌ನಿಂದ್ಲೇ ಅಕ್ಕಿ ಬೇಳೆ ಪುಡಿ ಕುಕ್ಕರ್ ಕಾರಿಗೆ ಹಾಕ್ಕೊಂಡು ಹೋಗಿ. ಬೆಳಿಗ್ಗೆ ಪುಳಿಯೋಗರೆ ಕಟ್ಕೊಂಡು ಹೊರಟ್ರೆ ಪಿಕ್ನಿಕ್ ಟೇಬಲ್ ಎಲ್ಲಾ ಕಡೆ ಇದೆ, ತಿಂದಾದ್ಮೇಲೆ ಒಂದಗಳೂ ಬಿಡದೆ ಕಾರೊಳಗೆ ಹಾಕ್ಬೇಕು, ಕರಡಿಗೆ ವಾಸನೆ ಹತ್ಬಾರ್ದು.

ಟೆಂಟ್ ಬೇಡ್ವೇ ಬೇಡ, ಜೂನಲ್ಲೂ ರಾತ್ರಿ ಸೊನ್ನೆ ಡಿಗ್ರಿ ಹತ್ರ ಹೋಗುತ್ತೆ. ರೂಮ್ ಇವತ್ತೇ ನೋಡಿ, ಪಾರ್ಕ್ ಒಳಗಿನವು ವರ್ಷದ ಮುಂಚೇನೇ ತುಂಬ್ತಾವೆ, ಕ್ಯಾನ್ಸಲ್ ಆಗಿದ್ದು ಮಧ್ಯೆ ಮಧ್ಯೆ ಬರ್ತಿರುತ್ತೆ, ತಮ್ಮಂಗೆ ಆ ಕೆಲಸ ಕೊಡಿ, ಮುಖ ಊದಿಸ್ಕೊಂಡಿರೋದು ಬಿಡ್ಲಿ.

ಆಲೂರು ಸಲಗ:
ಕರಡಿ ಸ್ಪ್ರೇ ಊರಿಂದ ಹೊರಡೋವಾಗ ಆನ್‌ಲೈನಲ್ಲಿ ಆರ್ಡರ್ ಮಾಡ್ಬೇಡಿ, ಫ್ಲೈಟಲ್ಲಿ ಯಾವ ಬ್ಯಾಗಲ್ಲೂ ಬಿಡಲ್ಲ. ಜ್ಯಾಕ್ಸನ್‌ನಲ್ಲೇ ತಗೊಳ್ಳಿ, ಬಾಡಿಗೆಗೂ ಸಿಗುತ್ತೆ.