ಸಹಾಯ ಬೇಕು: ನೆಟ್ ಇಲ್ಲದ ತರಗತಿಯಲ್ಲಿ ಫೆಟ್, ಪ್ಲಿಕರ್ಸ್ ಬಳಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಈ ವರ್ಷವಷ್ಟೇ ಸರ್ಕಾರಿ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕಿಯಾಗಿ ಸೇರಿದ್ದೇನೆ. ಹತ್ತನೇ ತರಗತಿಗೆ ವಿದ್ಯುಚ್ಛಕ್ತಿ ಪಾಠ ಶುರು ಮಾಡಬೇಕು. ಒಂದು ಪ್ರೊಜೆಕ್ಟರ್, ಒಂದು ಹಳೇ ಲ್ಯಾಪ್‌ಟಾಪ್ ಇದೆ. ನೆಟ್‌ವರ್ಕ್ ಮಾತ್ರ ಕಿಟಕಿ ಹತ್ತಿರ ನಿಂತರೆ ಒಂದು ಕಡ್ಡಿ ಬರುತ್ತದೆ, ಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ವಿಡಿಯೊ ಹಾಕಿದರೆ ಅದು ಸುತ್ತುತ್ತಲೇ ಇರುತ್ತದೆ, ಅಷ್ಟರಲ್ಲಿ ಬೆಲ್ ಹೊಡೆಯುತ್ತದೆ.

ಹಾಗಾಗಿ ಕೊಲೊರಾಡೊ ವಿಶ್ವವಿದ್ಯಾಲಯದವರ ಫೆಟ್ ಸಿಮ್ಯುಲೇಶನ್ (ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವ ತಂತ್ರಾಂಶ) ಮನೆಯಲ್ಲೇ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯುತ್ತಿದ್ದೇನೆ. ಸರ್ಕ್ಯೂಟ್ ಕಟ್ಟುವುದು ನಿಜಕ್ಕೂ ತುಂಬ ಚೆನ್ನಾಗಿದೆ. ಬ್ಯಾಟರಿಯ ವೋಲ್ಟೇಜ್ ಏರಿಸಿದರೆ ಬಲ್ಬು ಜೋರಾಗಿ ಉರಿಯುತ್ತದೆ, ತಂತಿಯೊಳಗೆ ಎಲೆಕ್ಟ್ರಾನಿನ ನೀಲಿ ಚುಕ್ಕಿಗಳು ಬೇಗ ಬೇಗ ಓಡುತ್ತವೆ, ಓಮನ ನಿಯಮ ಮಕ್ಕಳ ಕಣ್ಣೆದುರಿಗೇ ಕಾಣುತ್ತದೆ ಅಲ್ವಾ! ಆದರೆ ಲ್ಯಾಪ್‌ಟಾಪ್ ತುಂಬಾ ನಿಧಾನ, ಎರಡು ಮೂರು ಬಲ್ಬು ಜೋಡಿಸಿದರೆ ನಿಂತೇ ಹೋಗುತ್ತದೆ. ಯಾವ ಬ್ರೌಸರ್ ಹಗುರ? ಮೊಬೈಲಿನಿಂದಲೇ ಪ್ರೊಜೆಕ್ಟರಿಗೆ ಹಾಕುವವರು ಯಾವ ಕೇಬಲ್ ಬಳಸುತ್ತೀರಿ?

ಇನ್ನೊಂದು, ಪ್ಲಿಕರ್ಸ್ ಅನ್ನುವ ಕ್ವಿಜ್ ಆ್ಯಪ್. ಮಕ್ಕಳ ಹತ್ತಿರ ಫೋನ್ ಇಲ್ಲದಿದ್ದರೂ ನಡೆಯುತ್ತದೆ, ಎ ಬಿ ಸಿ ಡಿ ಇರುವ ಕಾಗದದ ಕಾರ್ಡನ್ನು ಉತ್ತರಕ್ಕೆ ತಕ್ಕ ಹಾಗೆ ತಿರುಗಿಸಿ ಹಿಡಿದರೆ ನಮ್ಮ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತದೆ. ಯಾವಾಗಲೂ ಸುಮ್ನೆ ಕೂರುವ ಹಿಂದಿನ ಬೆಂಚಿನ ಮಕ್ಕಳೂ ಉತ್ತರ ಕೊಡಲಿ ಅನ್ನುವುದೇ ನನ್ನ ಆಸೆ. ಹಳ್ಳಿ ಶಾಲೆಯಲ್ಲಿ ಇದನ್ನು ಬಳಸಿದವರು ಇದ್ದರೆ ಕಾರ್ಡು ಯಾವ ಅಳತೆಗೆ ಪ್ರಿಂಟ್ ಹಾಕಿಸಿದಿರಿ, ಕೊನೆಯ ಸಾಲಿನವರೆಗೂ ಸ್ಕ್ಯಾನ್ ಆಗುತ್ತದಾ, ದಯವಿಟ್ಟು ತಿಳಿಸಿ. ಮುಂದಿನ ಸೋಮವಾರವೇ ಪಾಠ ಇದೆ.